ಉಪ್ಪಿಲ್ಲದ ಕರಾವಳಿ

ರಜೆ ಎಂದರೆ ಕಡಲು ಎಂದು ಯಾರು ಠರಾವು ಪಾಸು ಮಾಡಿದರೋ ಕಾಣೆ. ಶನಿವಾರ, ಭಾನುವಾರದ ಬಾಲಕ್ಕೆ ಒಂದು ಸೋಮವಾರ ಅಂಟಿಕೊಂಡರೆ ಸಾಕು, ಬೆಂಗಳೂರಿನವರು ಗೋಕರ್ಣಕ್ಕೆ, ಹುಬ್ಬಳ್ಳಿಯವರು ಕಾರವಾರಕ್ಕೆ, ಮೈಸೂರಿನವರು ಮಂಗಳೂರಿಗೆ ಗಂಟುಮೂಟೆ ಕಟ್ಟುತ್ತಾರೆ. ರಾಯಚೂರಿನಲ್ಲಿ ಕೂತ ನಮ್ಮಂಥವರಿಗೆ ಈ ಠರಾವು ಬಲು ತುಟ್ಟಿ. ಪಡುವಣ ಕಡಲು ಮುಟ್ಟಬೇಕೆಂದರೆ ಇಡೀ ರಾತ್ರಿ ಬಸ್ಸಿನಲ್ಲಿ ಕತ್ತು ಉಳುಕಿಸಿಕೊಳ್ಳಬೇಕು. ಬರುವಾಗ ಕತ್ತಿನ ಇನ್ನೊಂದು ಪಕ್ಕ. ನಡುವೆ ಉಳಿಯುವ ಹೊತ್ತಿನಲ್ಲಿ ಮಾಡುವುದಾದರೂ ಏನು? ಒಂದು ಮೀನೂಟ, ಒಂದು ಪೇಟೆ ಬೀದಿಯ ಸುತ್ತಾಟ, ಬೇಡದ ಒಂದು ಶಂಖದ ಕೀಲಿಗೊಂಚಲು, ಬೇಕಾದ ಅರ್ಧ ಕಿಲೋ ಗೋಡಂಬಿ. ಸಮುದ್ರ ನೋಡುವುದು ಅಬ್ಬಬ್ಬಾ ಎಂದರೆ ಅರ್ಧ ತಾಸು, ಅದರಲ್ಲೂ ಫೋಟೊಕ್ಕಾಗಿ ಅದಕ್ಕೆ ಬೆನ್ನು ಹಾಕಿ ನಿಂತದ್ದೇ ಹೆಚ್ಚು. ಉಳಿದದ್ದೆಲ್ಲ ಹೊಟ್ಟೆ ಮತ್ತು ಕೈಚೀಲದ ಕಾರುಬಾರು. ಇಷ್ಟಕ್ಕೆ ನೀರು ಉಪ್ಪಾಗಿಯೇ ಇರಬೇಕೆ ಎಂಬುದು ನನ್ನ ಬಹುಕಾಲದ ತಕರಾರು.

ಈ ತಕರಾರನ್ನು ಕುಂದಾಪುರ ಕಡೆಯ ಗೆಳೆಯನೊಬ್ಬನ ಮುಂದೆ ಮಂಡಿಸಿದೆ. ವರ್ಗವಾಗಿ ನಮ್ಮೂರಿಗೆ ಬಂದ ಮೇಲೆ ಅವನು ಬಿಸಿಲನ್ನು ಕ್ಷಮಿಸಿದ್ದಾನೆ, ಧೂಳನ್ನು ಕ್ಷಮಿಸಿದ್ದಾನೆ, ಮೀನನ್ನು ಮಾತ್ರ ಕ್ಷಮಿಸಿಲ್ಲ. ಹೊಳೆ ಮೀನಿಗೆ ಕೆಸರಿನ ವಾಸನೆ ಎಂಬುದು ಅವನ ಖಾಯಂ ತೀರ್ಪು. "ಮಕ್ತಲ್, ನಾರಾಯಣಪೇಟೆ, ಗದ್ವಾಲ ಒಂದು ಸುತ್ತು ಹಾಕ್ಕೊಂಡು ಬರೋಣು ಬಾ" ಎಂದೆ. "ಅಲ್ಲೆಂತ ಇತ್ತ್ ಮಾರಾಯ?" ಎಂದ. "ಕೃಷ್ಣಾ ಅದ, ದಂಡಿ ಅದ, ಅಂಗಡಿ ಅವ. ನಿಮ್ಮೂರಾಗ ಇದಕ್ಕಿಂತ ಹೆಚ್ಚು ಏನೈತಿ?" ಎಂದದ್ದಕ್ಕೆ ಅವನು ಉತ್ತರ ಕೊಡಲಿಲ್ಲ; ನೀರಿನ ಬಾಟಲಿ ತುಂಬಿಕೊಂಡ.

ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಚಿಮಣಿಗಳನ್ನು ಹಿಂದೆ ಹಾಕಿ, ದೇವಸೂಗೂರಿನ ಹತ್ತಿರ ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಬೋರ್ಡುಗಳ ಲಿಪಿ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ, ಮಾತು ಮಾತ್ರ ಬದಲಾಗುವ ಅವಸರದಲ್ಲಿಲ್ಲ. ಕೃಷ್ಣಾ, ಗುಡೆಬಲ್ಲೂರು, ಹಿಂದುಪುರದಂಥ ಊರುಗಳಲ್ಲಿ ಮನೆಮಾತು ಕನ್ನಡವೇ. ಸರ್ಕಾರಿ ಕನ್ನಡ ಶಾಲೆಗಳೂ ಇವೆ. ಚಹಾದಂಗಡಿಯಲ್ಲಿ ಗೆಳೆಯ ತನಗೆ ಬರುವ ನಾಲ್ಕು ತೆಲುಗು ಶಬ್ದಗಳನ್ನು ಜೋಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, "ರೆಂಡು ಚಾಯ್ ಇವ್ವಂಡಿ" ಎಂದರೆ ಅಂಗಡಿಯವನು, "ಸಕ್ಕರಿ ಹಾಕ್ಲ್ಯಾ, ಬ್ಯಾಡ್ರಿ?" ಎಂದು ಕೇಳಿದ. ಗಡಿ ದಾಟಿದ ಸಂಭ್ರಮವೆಲ್ಲ ಒಂದೇ ಗುಟುಕಿಗೆ ಇಳಿಯಿತು.

ಈಗ ರೈಲೂ ಇದೆ. ಕೃಷ್ಣಾ ನಿಲ್ದಾಣ ವಾಡಿ-ರಾಯಚೂರು ಹಳಿಯ ಮೇಲೆ ಎಂದಿನಿಂದಲೂ ಇದ್ದದ್ದೇ. ಮಕ್ತಲ್ ಕಡೆಯಿಂದ ಬರುವ ಜಕ್ಲೇರ್-ಕೃಷ್ಣಾ ಹೊಸ ಹಳಿ ಉದ್ಘಾಟನೆಯಾದದ್ದು 2023ರ ಅಕ್ಟೋಬರ್ 1ರಂದು. ಕಾಚಿಗುಡದಿಂದ ರಾಯಚೂರಿಗೆ ಓಡಾಡುವ ಗಾಡಿಯೂ ಅಂದೇ ಶುರುವಾಯಿತು. ಆದರೆ ಅಂಗಡಿ ಸುತ್ತುವವರಿಗೆ ರಸ್ತೆಯೇ ಸೈ. ಕಂಡಲ್ಲಿ ಇಳಿಯುವ ಸೌಕರ್ಯ ರೈಲಿನಲ್ಲಿಲ್ಲ.

ದಾರಿಯಿಂದ ಸ್ವಲ್ಪ ಒಳಕ್ಕೆ ಮುಡುಮಾಲ. ಆಳೆತ್ತರ ಮೀರಿದ ನಿಲುವುಗಲ್ಲುಗಳು ಸಾವಿರಾರು ವರ್ಷಗಳಿಂದ ಹೊಲದಲ್ಲಿ ನಿಂತಿವೆ. 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. ಗೆಳೆಯ ಒಂದೊಂದನ್ನೂ ತಟ್ಟಿ ನೋಡಿ, ಸುತ್ತ ಕಣ್ಣಾಡಿಸಿ, "ಒಂದ್ ಎಳನೀರಂಗಡಿಯೂ ಇಲ್ಲ ಅಲ್ದಾ?" ಎಂದ. ಪಟ್ಟಿ ಪಕ್ಕಾ ಆದ ದಿನ ಅಂಗಡಿಗಳು ತಾವಾಗಿಯೇ ಬರುತ್ತವೆ. ಆಮೇಲೆ ಕಲ್ಲುಗಳನ್ನು ಹುಡುಕಬೇಕಾದೀತು.

ಮಕ್ತಲ್‌ನಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳಬಾರದು, ತಿನ್ನುವುದಕ್ಕೆ ಏನಿದೆ ಎಂದು ಕೇಳಬೇಕು. ಬೆಳಗಿನ ಹೊತ್ತು ಈ ಭಾಗದಲ್ಲೆಲ್ಲ ನಡೆಯುವುದು ಒಂದೇ ವ್ಯವಹಾರ. ತೆಲುಗಿನವರು ಉಗ್ಗಾಣಿ ಬಜ್ಜಿ ಎನ್ನುತ್ತಾರೆ, ನಾವು ಒಗ್ಗರಣಿ ಮಿರ್ಚಿ ಎನ್ನುತ್ತೇವೆ. ಮಂಡಕ್ಕಿಯನ್ನು ನೀರಿಗೆ ಹಾಕಿ ಅದು ಮೆತ್ತಗಾಗುವ ಮೊದಲೇ ಎರಡೂ ಅಂಗೈಯಲ್ಲಿ ಹಿಂಡಿ ತೆಗೆಯಬೇಕು. ಇಲ್ಲೇ ಎಲ್ಲ ಇರುವುದು. ಒಂದು ಕ್ಷಣ ತಡವಾದರೆ ಗಂಜಿ, ಒಂದು ಕ್ಷಣ ಮೊದಲಾದರೆ ಹಲ್ಲಿಗೆ ಥರ್ಮೋಕೋಲು. ಆಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ. ಮೇಲೆ ಪುಟಾಣಿ ಹಿಟ್ಟು. ನಾನು ನೋಡುತ್ತ ನಿಂತ ಬಂಡಿಯಲ್ಲಿ ಮುದುಕಿಯೊಬ್ಬಳು ಈ ಹಿಂಡುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಗ ಮಿರ್ಚಿ ಕರಿಯಬಹುದು, ಸೊಸೆ ಕಾಗದ ಹರಿಯಬಹುದು, ಮೊಮ್ಮಗ ಫೋನಿನಲ್ಲಿ ಹಣ ಬಂತೋ ಇಲ್ಲವೋ ನೋಡಬಹುದು. ಹಿಂಡುವ ಕೈ ಮಾತ್ರ ಅವಳದು. ಮಿರ್ಚಿಯ ಹೊಟ್ಟೆ ಸೀಳಿ, ಹಸಿ ಈರುಳ್ಳಿ ತುಂಬಿ, ಮೇಲೆ ನಿಂಬೆಹುಳಿ ಹಿಂಡಿ ಕೊಟ್ಟಾಗ ಕುಂದಾಪುರದವನ ಕಣ್ಣಲ್ಲಿ ನೀರು ಬಂತು. ಭಾವುಕನಾಗಿ ಅಲ್ಲ, ಖಾರಕ್ಕೆ. ಅಂದಹಾಗೆ ಊರಿನ ದೊಡ್ಡ ದೇವರು ಪಡಮಟಿ ಆಂಜನೇಯ, ಎಂದರೆ ಪಡುವಣ ದಿಕ್ಕಿನ ಹನುಮ. "ದೇವರಾದ್ರೂ ನಮ್ಮ ಬದಿಗೆ ತಿರುಗಿ ಇತ್ತಲ" ಎಂದು ಅವನು ಕೈ ಮುಗಿದು ಎರಡನೇ ಪ್ಲೇಟಿಗೆ ಹೇಳಿದ.

ನಾರಾಯಣಪೇಟೆ ಅಲ್ಲಿಂದ ಅಡ್ಡದಾರಿ. ಹೋಗದೆ ಇರಬಹುದಿತ್ತು. ಮನೆಯಲ್ಲಿ ಹೇಳಿಕಳಿಸಿದ್ದರು. ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟಿತ್ತಂತೆ, ಹೊರಡುವಾಗ ಕೆಲವು ನೇಕಾರರು ಇಲ್ಲೇ ಉಳಿದರಂತೆ, ಅಂದಿನಿಂದ ಈ ಸೀರೆಯಂತೆ. ದಂಡು ಬಂದಿತ್ತೋ ಇಲ್ಲವೋ, ಸೀರೆ ಮಾತ್ರ ಮರಾಠಿ ಹೆಂಗಸರಿಗೆ ಅಚ್ಚುಮೆಚ್ಚು. ಒಡಲಲ್ಲಿ ಚೌಕಳಿ, ಅಂಚಿನಲ್ಲಿ ಗೋಪುರದ ಸಾಲು, ಸೆರಗಿನಲ್ಲಿ ಕೆಂಪು ಬಿಳಿ ಪಟ್ಟಿ. ಇದರ ಜಾಣತನ ಇರುವುದು ಮಗ್ಗದಲ್ಲಿ. ಇಲ್ಲಿ ಒಟ್ಟಿಗೆ ಎಂಟು ಸೀರೆಯ ಉದ್ದಕ್ಕೆ ಹಾಸು ಹೂಡುತ್ತಾರೆ. ದಿನಗಟ್ಟಲೆ ಎಳೆ ಜೋಡಿಸುವ ತಾಪತ್ರಯ ಎಂಟಕ್ಕೆ ಒಂದೇ ಸಲ ಮುಗಿಯುತ್ತದೆ. ಬೆಲೆ ಕೈಗೆಟುಕುವುದಕ್ಕೆ ಅದೂ ಒಂದು ಕಾರಣ.

ಅಂಗಡಿಯಲ್ಲಿ ನಾಲ್ಕು ಭಾಷೆಗಳಿಗೆ ನಾಲ್ಕು ಖಾತೆ ಹಂಚಿಕೆಯಾಗಿದ್ದವು. ಬೆಲೆ ಹೇಳುವುದು ತೆಲುಗಿನಲ್ಲಿ. ಒಳಗಿನ ಹುಡುಗನಿಗೆ ಇನ್ನೊಂದು ಕಟ್ಟು ತರಲು ಕೂಗುವುದು ಉರ್ದುವಿನಲ್ಲಿ. ಪುಣೆಯ ಕಡೆಯ ಹೆಂಗಸರನ್ನು 'ತಾಯಿ' ಎಂದು ಕೂರಿಸುವುದು ಮರಾಠಿಯಲ್ಲಿ. ಕನ್ನಡ ಎಲ್ಲಿ ಎಂದು ಕಾಯುತ್ತಿದ್ದೆ. ನಾನು ಎದ್ದು ಬಾಗಿಲ ತನಕ ಬಂದಾಗ ಹೊರಬಂತು: "ಕೂಡ್ರಿ ಸಾಹೇಬ್ರ, ನಿಮಗ ಅಂತ ನೂರು ಕಡಿಮಿ ಮಾಡ್ತೀನಿ." ರಾಜ್ಯೋತ್ಸವದ ಯಾವ ಭಾಷಣವೂ ನನ್ನಲ್ಲಿ ಇಷ್ಟು ಭಾಷಾಭಿಮಾನ ಉಕ್ಕಿಸಿದ್ದಿಲ್ಲ. ಕೂತೆ. ಆ ಊರಿನ ಬಂಗಾರದ ಪೇಟೆಗೂ ಹೆಸರಿದೆ, ಆದ್ದರಿಂದಲೇ ಬೇಗ ಹೊರಟೆವು.

ಮತ್ತೆ ಮಕ್ತಲ್‌ಗೆ ಬಂದು ನದಿಯ ದಿಕ್ಕಿಗೆ ತಿರುಗಿದರೆ ಒಂದು ದಾರಿ ಪಂಚದೇವಪಹಾಡಕ್ಕೆ ಹೋಗುತ್ತದೆ. ಎದುರಿಗೆ ನದಿಯ ನಡುಗಡ್ಡೆಯಲ್ಲಿ, ದತ್ತಾವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಕುರುವಪುರ. ನಡುಗಡ್ಡೆ ನಮ್ಮ ರಾಯಚೂರು ತಾಲ್ಲೂಕಿನದು, ಈಚೆ ದಂಡೆ ತೆಲಂಗಾಣದ್ದು, ಹರಿಗೋಲಿನಲ್ಲಿ ಕೂತವರಲ್ಲಿ ಬಹುಪಾಲು ಮಹಾರಾಷ್ಟ್ರದವರು. ಗೆಳೆಯನಿಗೆ ದೋಣಿ ಹೊಸದಲ್ಲ, ದುಂಡಗಿನ ದೋಣಿ ಹೊಸದು. "ಇದ್ರ ಮುಂದೆ ಯಾವ್ದು, ಹಿಂದೆ ಯಾವ್ದು?" ಎಂದು ಕೇಳಿದ. ಅಂಬಿಗ, "ನೀವು ಕುಂತ ಕಡಿ ಹಿಂದ" ಎಂದ.

ಇನ್ನು ಮೀನಿಗೆ ಬರೋಣ. ಆತ್ಮಕೂರು ದಾಟಿದರೆ ಪ್ರಿಯದರ್ಶಿನಿ ಜುರಾಲಾ ಅಣೆಕಟ್ಟು. ಕೃಷ್ಣೆ ತೆಲಂಗಾಣಕ್ಕೆ ಕಾಲಿಟ್ಟ ಮೇಲೆ ಅವಳನ್ನು ಮೊದಲು ತಡೆದು ನಿಲ್ಲಿಸುವ ಕಟ್ಟೆ ಇದು. ಅರವತ್ತಕ್ಕೂ ಹೆಚ್ಚು ಗೇಟುಗಳ ಮೇಲೆಯೇ ರಸ್ತೆ. ಮಳೆಗಾಲದಲ್ಲಿ ಗೇಟು ತೆಗೆದಾಗ ಸುತ್ತಲಿನ ಊರುಗಳೆಲ್ಲ ನೀರು ನೋಡುವ ನೆಪದಲ್ಲಿ ಮೀನು ತಿನ್ನಲು ಬರುತ್ತವೆ. ಗೇಟು ಮುಚ್ಚಿದಾಗ ನೆಪವಿಲ್ಲದೆ ಬರುತ್ತವೆ. ದಾರಿಯ ಬದಿಗೆ ತಗಡಿನ ಚಪ್ಪರ, ಒಲೆ, ಮುಂದೆ ನೀರಿನ ಟಬ್ಬಿನಲ್ಲಿ ಒದ್ದಾಡುವ ಸರಕು. ಬೊಚ್ಚೆ, ರವ್ವು, ಎಲ್ಲಕ್ಕೂ ದುಬಾರಿ ಕೊರಮೀನು. ಕೊರಮೀನು ನೀರಿನಿಂದ ತೆಗೆದ ಮೇಲೂ ಬಹಳ ಹೊತ್ತು ಉಸಿರಾಡುತ್ತಿರುತ್ತದೆ, ಆದ್ದರಿಂದ ತಾಜಾತನದ ವಿಷಯದಲ್ಲಿ ವ್ಯಾಪಾರಿ ಆಣೆ ಪ್ರಮಾಣ ಮಾಡಬೇಕಾಗಿಲ್ಲ, ಮೀನೇ ಸಾಕ್ಷಿ ನುಡಿಯುತ್ತದೆ.

ಬೆರಳು ಮಾಡಿ ತೋರಿಸಿದರೆ ತೂಗುತ್ತಾರೆ. ತೂಕ ಆದ ಮೇಲೆ ಈಳಿಗೆಯ ಮುಂದೆ ಕೂತ ಹೆಂಗಸಿನ ಕೈಗೆ ಹೋಗುತ್ತದೆ. ಬೂದಿ ಹಚ್ಚಿ ತಿಕ್ಕಿ, ಹೊಳಪು ಜಾರಿಕೆ ಎರಡನ್ನೂ ತೆಗೆದು, ಅವಳು ತುಂಡು ಹಾಕುವಷ್ಟರಲ್ಲಿ ನಾವು ಒಂದು ವಾಕ್ಯ ಪೂರ್ತಿ ಮಾಡಿರುವುದಿಲ್ಲ. ಪ್ರತಿ ತುಂಡಿನ ಮೈಮೇಲೆ ಎರಡು ಗೀರು. ಆ ಗೀರಿನೊಳಕ್ಕೆ ಹೆಬ್ಬೆರಳಿನಿಂದಲೇ ಖಾರ, ಉಪ್ಪು, ಬೆಳ್ಳುಳ್ಳಿಯ ಮಸಾಲೆ ಒತ್ತುತ್ತಾರೆ. ಆಮೇಲೆ ದೊಡ್ಡ ಬಾಣಲೆ, ಕುದಿಯುವ ಎಣ್ಣೆ. ತುಂಡಿನ ಅಂಚು ಕಂದಿ ಗುಳ್ಳೆ ಏಳುವುದು ನಿಂತ ಕೂಡಲೇ ಜಾಲರಿಯಲ್ಲಿ ಎತ್ತಿ, ಹಸಿ ಈರುಳ್ಳಿ, ನಿಂಬೆಹೋಳಿನ ಜೊತೆ ಕಾಗದದ ತಟ್ಟೆಗೆ. ಬೇಕಾದವರಿಗೆ ಜೋಳದ ರೊಟ್ಟಿ ಬೇರೆ.

ಗೆಳೆಯ ಮೊದಲ ತುಂಡನ್ನು ಮೂಸಿ ನೋಡಿದ. ಕೆಸರನ್ನು ಹುಡುಕುತ್ತಿದ್ದಾನೆಂದು ಗೊತ್ತಾಯಿತು. ಎರಡನೆಯದನ್ನು ಮೂಸಲಿಲ್ಲ. ನಂತರ ಮಾತೇ ಇಲ್ಲ. ಮುಳ್ಳುಗಳ ಗುಡ್ಡೆ ಬೆಳೆಯುತ್ತ ಹೋಯಿತು. ಕೊನೆಗೆ ಬೆರಳು ನೆಕ್ಕುತ್ತ, "ಕೊಬ್ರಿ ಎಣ್ಣೇಲಿ ಕರಿದಿದ್ರೆ ಇನ್ನೂ ಲಾಯ್ಕ್ ಆತಿತ್ತ್" ಎಂದ. ಕರಾವಳಿಯವರಿಂದ ಒಳನಾಡಿನ ಮೀನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಸಿಕ್ಕಿದ ದಾಖಲೆ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಮುದ್ರದ ಬಂಗುಡೆಗೆ ಇರುವ ಗತ್ತು ಬೊಚ್ಚೆಗೆ ಇಲ್ಲ. ಆದರೆ ಕೊರಮೀನು ಯಾವ ಅಂಜಲ್‌ಗೂ ತಲೆಬಾಗಬೇಕಾಗಿಲ್ಲ.

ಅಣೆಕಟ್ಟು ದಾಟಿ ಗದ್ವಾಲಕ್ಕೆ ಬಂದರೆ ನೀವು ಪರಸ್ಥಳಕ್ಕೆ ಬಂದಿರಿ ಎನ್ನುವಂತಿಲ್ಲ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಭೂಗೋಳವಂತೂ ಇನ್ನೂ ಹಳೆಯದು: ಶಾಸನಗಳು ಎಡೆದೊರೆ ಎಂದು ಕರೆದ ಕೃಷ್ಣಾ-ತುಂಗಭದ್ರೆಯರ ನಡುವಿನ ನಾಡು ಇಲ್ಲಿಯೂ ಮುಂದುವರಿದು ಆಲಂಪುರದಾಚೆ ಎರಡು ಹೊಳೆ ಕೂಡುವಲ್ಲಿ ಮುಗಿಯುತ್ತದೆ. ಅವರು ನಡಿಗಡ್ಡ ಎನ್ನುತ್ತಾರೆ. ಕನ್ನಡದ ಹರಿದಾಸರಲ್ಲಿ ದೊಡ್ಡ ಹೆಸರಾದ ಗೋಪಾಲದಾಸರು ಹುಟ್ಟಿದ್ದು ರಾಯಚೂರು ಜಿಲ್ಲೆಯ ಮೊಸರಕಲ್ಲಿನಲ್ಲಿ, ನೆಲೆಸಿದ್ದು ಈಗ ಗದ್ವಾಲ ಜಿಲ್ಲೆಗೆ ಸೇರಿದ ಉತ್ತನೂರಿನಲ್ಲಿ. ಅವರು ಯಾವ ರಾಜ್ಯದ ದಾಸರು ಎಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ ಎಂಬುದೇ ಸಮಾಧಾನ.

ಊರಿನ ನಟ್ಟನಡುವೆ ಗದ್ವಾಲ ಸಂಸ್ಥಾನದ ಅರಸ ಸೋಮನಾದ್ರಿ ಕಟ್ಟಿಸಿದ ಕೋಟೆ, ಒಳಗೆ ಚೆನ್ನಕೇಶವ ದೇವಸ್ಥಾನ, ಪಕ್ಕದಲ್ಲೇ ಸರ್ಕಾರಿ ಡಿಗ್ರಿ ಕಾಲೇಜು. ಕೋಟೆಯನ್ನು ಹೊರಗಿನವರು ಮುತ್ತಿಗೆ ಹಾಕುತ್ತಿದ್ದ ಕಾಲ ಹೋಗಿ, ಹುಡುಗರು ಒಳಗಿನಿಂದ ತಪ್ಪಿಸಿಕೊಳ್ಳಲು ನೋಡುವ ಕಾಲ ಬಂದಿದೆ.

ಕೋಟೆಯ ಸುತ್ತಿನ ಬೀದಿಗಳಲ್ಲಿ ಸೀರೆಯೋ ಸೀರೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಈ ಎರಡನ್ನು ಹೊಲಿಯುವುದಿಲ್ಲ. ನೇಯುವಾಗಲೇ ಎಳೆಗೆ ಎಳೆ ಸಿಕ್ಕಿಸುತ್ತ ಹೋಗುತ್ತಾರೆ. ಒಡಲಿಗೊಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ. ಅಂಗಡಿಯವರು ಅಂಚು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಿಂಬದಿಯಲ್ಲಿ ಬೆರಳಾಡಿಸಿದರೆ ಸಣ್ಣ ಏಣು ತಾಗುತ್ತದೆ. ಕೈಮಗ್ಗದ ಗುರುತು ಅದು ಎಂದರು. ಬೆಂಕಿಪೊಟ್ಟಣದಲ್ಲಿ ಮಡಿಚಿಡಬಹುದಾದ ಸೀರೆ ಎಂದು ಇದಕ್ಕೆ ಹಳೆಯ ಖ್ಯಾತಿ. ತೋರಿಸಿ ಎಂದರೆ ಮಾತ್ರ ಯಾವ ಅಂಗಡಿಯಲ್ಲೂ ಬೆಂಕಿಪೊಟ್ಟಣ ಇರುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮಾರಾಟಕ್ಕಿಲ್ಲದ ಬಟ್ಟೆಯ ವಿಷಯ. ತಿರುಪತಿಯ ಬ್ರಹ್ಮೋತ್ಸವಕ್ಕೆ ಪ್ರತಿ ವರ್ಷ ಗದ್ವಾಲ ಸಂಸ್ಥಾನದ ಹೆಸರಿನಲ್ಲಿ ಏರುವಾಡ ಜೋಡು ಪಂಚೆ ಹೋಗುತ್ತದೆ. ಅದನ್ನು ನೇಯುವವರು 41 ದಿನ ವ್ರತ ಹಿಡಿದು ಮಗ್ಗಕ್ಕೆ ಕೂರುತ್ತಾರೆ. ನಿಜಾಮನೂ ಹೋದ, ಸಂಸ್ಥಾನವೂ ಹೋಯಿತು, ಜಿಲ್ಲೆ ಎರಡು ಸಲ ಹೆಸರು ಬದಲಿಸಿತು: ರಾಯಚೂರು, ಮಹಬೂಬ್‌ನಗರ, 2016ರಿಂದ ಜೋಗುಲಾಂಬ ಗದ್ವಾಲ. ಪಂಚೆ ಹೋಗುವುದು ನಿಂತಿಲ್ಲ. ತಿಮ್ಮಪ್ಪನಿಗೆ ಯಾವ ಅಂಗಡಿಯವರೂ ನೂರು ಕಡಿಮೆ ಮಾಡಿದಂತೆ ಕಾಣಲಿಲ್ಲ.

ಹೋಗಬೇಕೆನ್ನುವವರಿಗೆ ಎರಡು ಮಾತು. ಚಳಿಗಾಲದಲ್ಲಿ ಹೋಗಿ, ಬೇಸಿಗೆಯಲ್ಲಿ ಈ ಕಡೆ ಬಂದು ನನ್ನನ್ನು ಬೈಯಬೇಡಿ. ಒಗ್ಗರಣಿ ಮಿರ್ಚಿಗೆ ಬೆಳಿಗ್ಗೆ ಬೇಗ ಮಕ್ತಲ್ ಮುಟ್ಟಿ, ಮೀನಿಗೆ ಮಧ್ಯಾಹ್ನದೊಳಗೆ ಜುರಾಲಾ. ನಿತ್ಯ ಉಡುವ ಸೀರೆಗೆ ನಾರಾಯಣಪೇಟೆ, ಮದುವೆಗೆ ಉಡುವುದಕ್ಕೆ ಗದ್ವಾಲ, ಎರಡೂ ಊರಲ್ಲಿ ಅಂಚಿನ ಹಿಂಬದಿ ಮುಟ್ಟಿ ನೋಡದೆ ದುಡ್ಡು ಬಿಚ್ಚಬೇಡಿ. ಸಂಜೆಗೆ ಕೈ ಖಾಲಿಯಾಗಿದ್ದರೂ ಚಿಂತೆಯಿಲ್ಲ: ಗದ್ವಾಲದಿಂದ ರಾಯಚೂರಿಗೆ 2013ರಿಂದ ರೈಲಿದೆ, ಟಿಕೇಟೂ ಅಗ್ಗ.