ಹಿನ್ನೀರಿನ ಮಾವ

ಸಾಗರ ತಾಲ್ಲೂಕಿನ ತುಮರಿ ಕಡೆಗೆ ಹೊಸದಾಗಿ ವರ್ಗವಾಗಿ ಬರುವ ಮೇಷ್ಟರಿಗೆ, ನರ್ಸಮ್ಮನಿಗೆ, ಬ್ಯಾಂಕಿನವರಿಗೆ ಮೊದಲೇ ಅಲ್ಲಿದ್ದು ಹೋದವರು ಬೇಕಾದಷ್ಟು ಬುದ್ಧಿ ಹೇಳಿ ಕಳಿಸುತ್ತಾರೆ. ಮಳೆಗಾಲಕ್ಕೆ ಎರಡು ಛತ್ರಿ ಇರಲಿ, ಕರೆಂಟು ನಂಬಬೇಡಿ, ಉಂಬಳಕ್ಕೆ ಹೆದರಬೇಡಿ, ಹೀಗೆ. ಮಾವನ ವಿಷಯ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಉಂಬಳಕ್ಕಾದರೆ ಸುಣ್ಣ, ತಂಬಾಕು ಇದೆ. ಮಾವ ಹತ್ತಿಕೊಂಡರೆ ಬಿಡಿಸುವ ಮದ್ದು ಇನ್ನೂ ಯಾರಿಗೂ ಸಿಕ್ಕಿಲ್ಲ.

ಯಾರ ಮಾವ ಎಂದು ಕೇಳಬೇಡಿ. ಎಲ್ಲರ ಮಾವ. ಅರವತ್ತು ದಾಟಿದ ದೇಹ, ಮೊಣಕಾಲ ಮೇಲಕ್ಕೆತ್ತಿ ಕಟ್ಟಿದ ಪಂಚೆ, ಹೆಗಲಿಗೊಂದು ಟವೆಲ್ಲು, ಸೊಂಟಕ್ಕೊಂದು ಎಲೆಯಡಿಕೆ ಸಂಚಿ. ಶರಾವತಿ ಹಿನ್ನೀರಿನ ಯಾವ ಊರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಪಹಣಿ ಪ್ರಕಾರ ಅವರು ಅಡಿಕೆ ಬೆಳೆಗಾರರು. ನಿಜವಾದ ಕಸುಬು ನಂಟು ಹುಡುಕುವುದು. ಅವರ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಎರಡೇ ತರದ ಜನ: ನಂಟು ಸಿಕ್ಕಿದವರು, ಇನ್ನೂ ಸಿಗಬೇಕಾದವರು. ಗುರುತು ಪರಿಚಯ ಇಲ್ಲದವರು ಎಂಬ ಮೂರನೆಯ ಪಂಗಡವನ್ನು ಅವರು ಒಪ್ಪುವುದಿಲ್ಲ.

ವಿಚಾರಣೆ ಶುರುವಾಗುವುದು ಒಂದೇ ಪ್ರಶ್ನೆಯಿಂದ.

"ಯಾವೂರಾತು ನಿಮ್ದು?"

ಬೆಂಗಳೂರು ಎಂದರೆ ನಿಮಗೆ ಉಳಿಗಾಲವಿಲ್ಲ. "ಬೆಂಗಳೂರು ಯಾರ ಊರೂ ಅಲ್ಲ ಮಾರಾಯ್ರೆ, ಮೂಲ ಎಲ್ಲಾತು?" ಮೂಲ ಹೇಳಿದರೆ ತಾಯಿ ಮನೆ, ತಾಯಿ ಮನೆ ಹೇಳಿದರೆ ಅಜ್ಜಿ ಮನೆ, ಅದೂ ಮುಗಿದರೆ ಅಕ್ಕನನ್ನು ಕೊಟ್ಟ ಊರು. ನಾಲ್ಕನೇ ಪ್ರಶ್ನೆಗೆ ಎಂಥ ಗಟ್ಟಿ ಮನುಷ್ಯನೂ ತನ್ನ ಮನೆತನದ ಕಡತವನ್ನು ತಾನೇ ಬಿಚ್ಚಿ ಮುಂದಿಡುತ್ತಾನೆ. ಮಾವ ಕಣ್ಣು ಮುಚ್ಚಿ, ಬಾಯೊಳಗಿನ ಎಲೆಯಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ತಳ್ಳಿ, ಯಾವುದೋ ಮದುವೆ, ಯಾವುದೋ ಉಪನಯನ, ಯಾವುದೋ ತಿಥಿ ಊಟದ ಪಂಕ್ತಿಯಲ್ಲಿ ಹುಡುಕಾಡಿ ಬರುತ್ತಾರೆ. ಆಮೇಲೆ ತೀರ್ಪು ಹೊರಬೀಳುತ್ತದೆ. "ಹಂಗಾರೆ ನೀವು ನಮಗೆ ಅಳಿಯನೇ ಆಗ್ಬೇಕು." ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಸೇತುವೆ ಬರುವ ಮೊದಲು ಈ ವಿಚಾರಣೆಗೆ ಒಳ್ಳೆಯ ಜಾಗವೆಂದರೆ ಲಾಂಚು. ಈ ದಡದ ಅಂಬಾರಗೋಡ್ಲಿನಿಂದ ಆ ದಡದ ಕಳಸವಳ್ಳಿಗೆ ಬಸ್ಸು, ಜೀಪು, ಬೈಕು, ಸಿಗಂದೂರು ಚೌಡೇಶ್ವರಿಯ ಭಕ್ತರು, ಗ್ಯಾಸ್ ಸಿಲಿಂಡರು, ಹೊಸ ಮದುಮಗಳು ಎಲ್ಲರನ್ನೂ ಒಟ್ಟಿಗೆ ಹೊತ್ತು ನಿಧಾನಕ್ಕೆ ನೀರು ದಾಟುತ್ತಿದ್ದ ಸರ್ಕಾರಿ ವಾಹನ ಅದು. ರೈಲಿನಲ್ಲಾದರೆ ಪ್ರಶ್ನೆ ತಪ್ಪಿಸಿಕೊಳ್ಳಲು ಮುಂದಿನ ಸ್ಟೇಷನ್ನಿನಲ್ಲಿ ಇಳಿಯಬಹುದು. ಲಾಂಚಿನಲ್ಲಿ ಇಳಿಯಬೇಕಾದರೆ ಈಜು ಬರಬೇಕಿತ್ತು. ಮಾವ ಅಷ್ಟು ವರ್ಷ ಲಾಂಚಿನಲ್ಲಿ ಓಡಾಡಿದ್ದು ಸಾಗರದಲ್ಲಿ ಕೆಲಸವಿತ್ತು ಎಂದಲ್ಲ, ಲಾಂಚಿನ ಮೇಲೆ ಕೆಲಸವಿತ್ತು ಎಂದು ಬಲ್ಲವರು ಹೇಳುತ್ತಾರೆ.

ಗುಂಟೂರಿನಿಂದ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ತಾನು ತೆಲುಗಿನವನು, ಈ ಮನುಷ್ಯನ ಬಲೆಗೆ ಬೀಳುವವನಲ್ಲ ಎಂದುಕೊಂಡಿದ್ದರು. ಮಾವನಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. "ಗುಂಟೂರಾ? ನಿಮ್ಮೂರಿನ ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಬರ್ತದಲ್ಲ. ಬ್ಯಾಡಗಿ ಮಂಡಿಲಿ ನಮ್ಮ ಅಜ್ಜಿ ಮನೆ ಕಡೆಯವರೊಬ್ರು ಲೆಕ್ಕ ಬರೀತಿದ್ರು. ನಿಮ್ಮ ಅಜ್ಜನ ಚೀಲ ಅವರು ತೂಗದೇ ಇರ್ತಾರಾ?" ಅಧಿಕಾರಿಯ ಅಜ್ಜ ಬೆಳೆದದ್ದು ಭತ್ತ. ಅದನ್ನು ಹೇಳುವಷ್ಟು ಕನ್ನಡ ಅವರಿಗಿನ್ನೂ ಬಂದಿರಲಿಲ್ಲ. ಕನ್ನಡ ಬರುವಷ್ಟರಲ್ಲಿ ಅವರು ಅಳಿಯನಾಗಿ ಹಳಬರಾಗಿದ್ದರು. ಈ ನಂಟು ಸಾಲಕ್ಕೆ ಹಾಕಿದ ಗಾಳ ಎಂದು ಅವರು ಕೆಲವು ತಿಂಗಳು ಹೆದರಿಕೊಂಡೇ ಇದ್ದರು. ಆದದ್ದು ಬೇರೆ. ಮಾವ ಊರಿನ ಸಾಲಗಾರರನ್ನೆಲ್ಲ ದಾರಿಯಲ್ಲಿ ತಡೆದು, "ಅಳಿಯನ ಬ್ಯಾಂಕು ಕಣ್ರೋ, ಮರ್ಯಾದೆಯಿಂದ ಕಂತು ಕಟ್ಟಿ" ಎಂದು ಗದರಿಸತೊಡಗಿದರು.

ಇದಕ್ಕಿಂತ ದೊಡ್ಡ ಪ್ರಕರಣ ಇಂಡಿ ಕಡೆಯ ಮೇಷ್ಟರದು. ಉತ್ತರ ಕರ್ನಾಟಕದ ಹುಡುಗರು ಮಲೆನಾಡಿನ ಶಾಲೆಗಳಿಗೆ ಮೇಷ್ಟರಾಗಿ ಬರುವುದು ಹೊಸದಲ್ಲ. ಬಂದ ವಾರವೇ ಅವರು ವರ್ಗಾವಣೆಯ ಕೌನ್ಸೆಲಿಂಗ್ ಯಾವಾಗ ಎಂದು ವಿಚಾರಿಸುವುದೂ ಹೊಸದಲ್ಲ. ಈ ಮೇಷ್ಟರಿಗೂ ಮಳೆ ಕಂಡರೆ ಎದೆ ಧಸಕ್ ಎನ್ನುತ್ತಿತ್ತು. ಒಗೆದ ಅಂಗಿ ಜೂನ್‌ನಲ್ಲಿ ಹರವಿದ್ದು ಸೆಪ್ಟೆಂಬರ್‌ನಲ್ಲೂ ಹಸಿ. ಜೋಳದ ರೊಟ್ಟಿ ಕನಸಿನಲ್ಲಿ ಮಾತ್ರ. ಊರು ಕೇಳಿದ ಮಾವ, "ಇಂಡಿ ನಿಂಬೆಹಣ್ಣಿನ ಉಪ್ಪಿನಕಾಯಿ ನಾವು ತಿಂದವರು" ಎಂದು ನಿಂಬೆಹಣ್ಣಿನ ಮೇಲೆ ತಾತ್ಕಾಲಿಕ ನಂಟೊಂದನ್ನು ಮಂಜೂರು ಮಾಡಿದರು. ಅಷ್ಟಕ್ಕೇ ನಿಲ್ಲದೆ, ಮೇಷ್ಟರು ರೊಟ್ಟಿಯಿಲ್ಲದೆ ಸೊರಗಿದ್ದಾರೆಂದು ಸಾಗರದಿಂದ ಜೋಳದ ಹಿಟ್ಟು ತರಿಸಿ ಅತ್ತೆಯ ಕೈಗೆ ಕೊಟ್ಟರು. ಹುಟ್ಟಿದಾಗಿನಿಂದ ಅಕ್ಕಿ ರೊಟ್ಟಿ ತಟ್ಟಿದ ಕೈ ಅದು. ಅಂದು ಹಂಚಿನಿಂದ ಇಳಿದ ಪದಾರ್ಥವನ್ನು ಮೇಷ್ಟರು ನೀರು ಕುಡಿಯುತ್ತ ಕುಡಿಯುತ್ತ ಪೂರ್ತಿ ತಿಂದು, "ಭಾಳ ಛಲೋ ಆಗೇತ್ರಿ" ಎಂದುಬಿಟ್ಟರು. ಆ ಒಂದು ಸುಳ್ಳಿಗೆ ಪ್ರತಿ ಸೋಮವಾರ ರಾತ್ರಿ ಅದೇ ರೊಟ್ಟಿ ನಿಗದಿಯಾಯಿತು.

ನಂಟಸ್ತನ ಪುಕ್ಕಟೆ ಬರುವುದಿಲ್ಲ, ಅದಕ್ಕೆ ಕಂದಾಯವಿದೆ. ನೀವು ಊರಿಗೆ ಹೋಗುವುದಾದರೆ ಮಾವನಿಗೆ ಹೇಳಿ ಹೋಗಬೇಕು. ಬಂದಮೇಲೆ ಯಾಕೆ ಒಂದು ದಿನ ತಡವಾಯಿತು ಎಂಬುದಕ್ಕೆ ವಿವರಣೆ ಕೊಡಬೇಕು. ಕೊನೆಕೊಯ್ಲು ಬಂದರೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂರಬೇಕು. ಸುಲಿದ ಅಡಿಕೆಗಿಂತ ಸುಲಿದ ಬೆರಳೇ ಹೆಚ್ಚಾದರೂ ಏಳುವಂತಿಲ್ಲ, ಯಾಕೆಂದರೆ ಊರಿನ ಅಸಲು ಸುದ್ದಿಯೆಲ್ಲ ಹೊರಬರುವುದು ಅಲ್ಲೇ. ನಿಮಗೆ ಜ್ವರ ಬಂದರೆ ಮೂರು ಮನೆಯಿಂದ ಮೂರು ಬಗೆಯ ಕಷಾಯ ಬರುತ್ತದೆ. ಮೂರನ್ನೂ ಕುಡಿಯಬೇಕು, ಒಂದನ್ನು ಬಿಟ್ಟರೆ ಜ್ವರಕ್ಕಿಂತ ದೊಡ್ಡ ರಾಮಾಯಣ. ಮದುವೆಯಾಗದವರ ಪಾಡಂತೂ ಹೇಳುವುದೇ ಬೇಡ. ಅವರ ಜಾತಕ ಅವರಿಗಿಂತ ಮೊದಲು ಹೊಸನಗರ ತಲುಪಿರುತ್ತದೆ. ಮೊಬೈಲ್ ಟವರಿಗಾಗಿ ಧರಣಿ ಕೂತ ಸೀಮೆ ಇದು. ಆದರೆ ಮಾವನ ಸುದ್ದಿ ತಲುಪದ ಮನೆಯಿದೆ ಎಂದು ಯಾರೂ ಧರಣಿ ಕೂತದ್ದಿಲ್ಲ.

ಮಾವನಿಗೆ ಈ ಚಟ ಯಾಕೆ ಹತ್ತಿತು ಎಂಬುದಕ್ಕೆ ಉತ್ತರ ಬೇಸಿಗೆಯಲ್ಲಿ ನೀರಿನಿಂದ ಮೇಲೆ ಬರುತ್ತದೆ. ಶರಾವತಿಗೆ 1948ರ ಹೊತ್ತಿಗೆ ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಜೋಗದಲ್ಲಿ ಕರೆಂಟು ತೆಗೆಯಲು. ಒಂದು ಸುತ್ತು ಜನ ಎದ್ದರು. ಆಮೇಲೆ ಅದು ಸಾಲದಾಗಿ 1964ರಲ್ಲಿ ಲಿಂಗನಮಕ್ಕಿ ಬಂತು. ನೀರು 1819 ಅಡಿಯವರೆಗೆ ನಿಲ್ಲುವಂತಾದಾಗ ಗದ್ದೆ, ತೋಟ, ದೇವಸ್ಥಾನ, ಮನೆ ಎಲ್ಲದರ ಜೊತೆ ಹಳೆಯ ಅಣೆಕಟ್ಟೂ ಮುಳುಗಿತು. "ನಮ್ಮಲ್ಲಿ ಅಣೆಕಟ್ಟೂ ಮುಳುಗಡೆ ಸಂತ್ರಸ್ತನೇ" ಎನ್ನುತ್ತಾರೆ ಮಾವ. "ಪರಿಹಾರಕ್ಕೆ ಅರ್ಜಿ ಹಾಕ್ಲಿಲ್ಲ, ಅಷ್ಟೇ ವ್ಯತ್ಯಾಸ."

ಎದ್ದ ಜನ ಲಾರಿ ಹತ್ತಿ ಚದುರಿದರು. ಶಿವಮೊಗ್ಗದ ಕಡೆಗೆ ಕೆಲವರು, ಹೊಸನಗರದ ಕಾಡಿಗೆ ಕೆಲವರು. ನೀರಿಗೆ ಹೆದರದೆ ದಡದ ಮೇಲಕ್ಕೆ ಸರಿದು ಕೂತವರ ಮೂರು ಕಡೆ ನೀರು ಬಂತು, ದಾರಿ ಹೋಯಿತು. ಹಿನ್ನೀರಿನಿಂದ ಹರಿದ ನೀರಿನಲ್ಲಿ ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್ ಕರೆಂಟು ತೆಗೆಯಬಲ್ಲದು. ಹಿನ್ನೀರಿನ ದಡದ ಮನೆಗಳು ಮಾತ್ರ ವರ್ಷಗಟ್ಟಲೆ ಚಿಮಣಿ ಬುಡ್ಡಿ ಉರಿಸಿದವು. ಆಗ ಮಾವ ಇನ್ನೂ ಸಣ್ಣ ಹುಡುಗ. ಮನೆಗೆ ಬಂದವರನ್ನೆಲ್ಲ ಅವರ ಅಜ್ಜಿ ಕೇಳುತ್ತಿದ್ದುದು ಒಂದೇ ಮಾತಂತೆ: ನಮ್ಮವರು ಯಾರಾದರೂ ಆ ಕಡೆ ಸಿಕ್ಕಿದರಾ? ಯಾರು ಎಲ್ಲಿ ಹೋಗಿ ನೆಲೆಯಾದರು ಎಂಬುದರ ರಿಜಿಸ್ಟರು ಯಾವ ಕಚೇರಿಯಲ್ಲೂ ಸರಿಯಾಗಿರಲಿಲ್ಲ. ಅಜ್ಜಿಯ ಬಾಯಲ್ಲಿ ಸರಿಯಾಗಿತ್ತು. ಆ ರಿಜಿಸ್ಟರಿಗೆ ಈಗ ಮಾವ ವಾರಸುದಾರರು. ಸ್ವಂತ ಜನ ಚದುರಿದ ಜಾಗವನ್ನು ಸಿಕ್ಕಿದವರಿಂದ ತುಂಬಿಸುವುದು ಅವರಿಗೆ ಮನೆಗೆಲಸ. ಗುಂಟೂರಾದರೇನು, ಇಂಡಿಯಾದರೇನು.

ಮೇಷ್ಟರ ನಂಟು ಕಾಯಂ ಆದದ್ದು ಅವರ ತಾಯಿ ಮಗನನ್ನು ನೋಡಲು ಬಂದಾಗ. ಸುತ್ತಲೂ ನೀರು ಕಂಡ ಆಕೆ ಲಾಂಚಿನ ಕಂಬಿ ಹಿಡಿದು ನಿಂತಿದ್ದರು. ಮಾವ ಪದ್ಧತಿಯಂತೆ ಮೂರನೇ ಪ್ರಶ್ನೆಗೆ ಬಂದರು.

"ನಿಮ್ಮ ತವರು ಮನೆ ಎಲ್ಲಾತು ತಂಗಿ?"

"ಹಳೇ ಬಾಗಲಕೋಟಿರಿ ಅಣ್ಣಾರ. ಆಲಮಟ್ಟಿ ಹಿನ್ನೀರಿಗೆ ಮನಿ ಹೋತು. ಈಗ ತಮ್ಮಗೋಳೆಲ್ಲ ನವನಗರದಾಗ ಅದಾರ. ಮೊದ್ಲ ಓಣಿ ಹೆಸರ ಹೇಳ್ತಿದ್ವಿ, ಈಗ ಸೆಕ್ಟರ್ ನಂಬರ್ ಹೇಳ್ತೀವಿ."

ಮಾವ ಲಾಂಚು ಅಲುಗುವಂತೆ ಕೂಗಿದರು. "ಮುಳುಗಡೆಯವರು! ನಮ್ಮವರೇ ಮಾರಾಯ್ರೆ!" ಬಸ್ಸಿನೊಳಗೆ ಕೂತವರೂ ಇಳಿದು ಬಂದು ನೋಡಿದರು. ಆಮೇಲೆ ಮಾವ ಮೇಷ್ಟರ ಕಡೆ ತಿರುಗಿ ಕೆಂಡವಾದರು. ಇಷ್ಟು ದಿನ ಇಷ್ಟು ದೊಡ್ಡ ನಂಟನ್ನು ಮುಚ್ಚಿಟ್ಟು ಬರೀ ನಿಂಬೆಹಣ್ಣಿನ ಮೇಲೆ ಊಟ ಮಾಡಿದ್ದು ಯಾವ ನ್ಯಾಯ? ಅಂದು ಸಂಜೆ ಇಬ್ಬರೂ ಜಗುಲಿಯಲ್ಲಿ ಕೂತು ಪರಿಹಾರದ ದರ, ಅಮಲ್ದಾರನ ಕಚೇರಿ, ಹಕ್ಕುಪತ್ರ, ಹಳೇ ಊರಿನ ಜಾತ್ರೆ ಎಂದು ರಾತ್ರಿಯವರೆಗೆ ಹೋಲಿಸಿ ನೋಡಿದರು. ಸರ್ಕಾರ ಬೇರೆ, ನದಿ ಬೇರೆ, ಕಡತ ಕಳೆದುಹೋಗುವ ರೀತಿ ಮಾತ್ರ ಒಂದೇ ಎಂದು ಇಬ್ಬರಿಗೂ ಸಮಾಧಾನವಾಯಿತು. ಊರಿಗೆ ಹೊರಡುವ ಮೊದಲು ಆಕೆ ಅತ್ತೆಯನ್ನು ಒಲೆಯ ಮುಂದೆ ಕೂರಿಸಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುವುದನ್ನು ಕಲಿಸಿದರು. ಅದು ಮೇಷ್ಟರಿಗೆ ಸಿಕ್ಕ ನಿಜವಾದ ಪುನರ್ವಸತಿ.

ಮಾವನನ್ನು ಇಷ್ಟು ಹೊಗಳಿದ ಮೇಲೆ ಅವರ ಬೇಲಿಯಾಚೆಯ ವಿಷಯವನ್ನೂ ಹೇಳಬೇಕು. ಬೇಲಿಯಾಚೆ ಇರುವುದು ಅವರ ಒಡಹುಟ್ಟಿದ ತಮ್ಮ. ಗಡಿಯ ಮೇಲಿನ ಒಂದು ಹಲಸಿನ ಮರದ ದೆಸೆಯಿಂದ ಇಬ್ಬರಿಗೂ ಮಾತಿಲ್ಲ. ಸಾಗರದ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಾರೆ. ಒಬ್ಬರು ಮುಂದಿನ ಬಾಗಿಲು, ಒಬ್ಬರು ಹಿಂದಿನ ಬಾಗಿಲು. ಗುಂಟೂರಿನ ತನಕ ಕೈ ಚಾಚುವ ಮನುಷ್ಯನಿಗೆ ಬೇಲಿ ದಾಟಲು ಮಾತ್ರ ಆಗಲಿಲ್ಲ. ಕೇಳಿದರೆ, "ದೂರದವರ ಜೊತೆ ನಂಟಸ್ತನ ಮಾಡ್ಬಹುದು. ತಮ್ಮನ ಜೊತೆ ಸರ್ವೆ ನಂಬರಿದೆ" ಎನ್ನುತ್ತಾರೆ.

ಮರ ಮಾತ್ರ ಪ್ರತಿ ವರ್ಷ ಕಾಯಿ ಬಿಡುತ್ತದೆ. ಅಣ್ಣ ಕೊಯ್ದರೆ ನ್ಯಾಯಾಂಗ ನಿಂದನೆ, ತಮ್ಮ ಕೊಯ್ದರೂ ಅದೇ, ಎಂದು ಇಬ್ಬರೂ ಬಲವಾಗಿ ನಂಬಿದ್ದಾರೆ. ಹೀಗಾಗಿ ಹಲಸಿನ ಕಾಯಿ ಕೊಯ್ಯುವ ಅಧಿಕಾರ ಊರಿಗೆಲ್ಲ ಸೇರಿ ಒಬ್ಬರಿಗೇ ಬಂತು, ಇಂಡಿ ಮೇಷ್ಟರಿಗೆ. ಅವರು ಅಣ್ಣನಿಗೆ ಅಳಿಯ, ತಮ್ಮನಿಗೂ ಅಳಿಯ. ಕೊಯ್ದದ್ದನ್ನು ಎರಡು ಪಾಲು ಮಾಡಿ ಎರಡು ಮನೆಗೆ ಮುಟ್ಟಿಸುತ್ತಾರೆ. ಎರಡು ಮನೆಯಿಂದಲೂ ಹಪ್ಪಳ ಬರುತ್ತದೆ. ಅಣ್ಣನಿಗೆ ತಮ್ಮನ ಬಿಪಿ ಎಷ್ಟಿದೆ, ತಮ್ಮನಿಗೆ ಅಣ್ಣನ ಮೊಣಕಾಲು ನೋವು ಹೇಗಿದೆ ಎಂಬುದೂ ಹಪ್ಪಳದ ಡಬ್ಬಿಯ ಜೊತೆಗೇ ಓಡಾಡುತ್ತದೆ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನ ಮೇಲೆ ಸುಮಾರು 2.4 ಕಿಲೋಮೀಟರ್ ಉದ್ದಕ್ಕೆ, ಕೇಬಲ್ಲುಗಳಲ್ಲಿ ತೂಗಿಕೊಂಡು ನಿಂತಿದೆ. ಅದಕ್ಕಾಗಿ ನಡೆದ ಹೋರಾಟದ ಮೆರವಣಿಗೆಗಳಲ್ಲೆಲ್ಲ ಮಾವ ಮುಂದಿನ ಸಾಲು. ಉದ್ಘಾಟನೆಯಾದ ವಾರಕ್ಕೇ ಅವರಿಗೆ ತಾವು ಕಳೆದುಕೊಂಡದ್ದು ಏನೆಂದು ತಿಳಿಯಿತು. "ರಾತ್ರಿ ಹೊತ್ತು ಹೆರಿಗೆ ನೋವು ಬಂದವಳು ದಡದಲ್ಲಿ ಕಾಯೋದು ತಪ್ಪಿತು. ಅದು ದೊಡ್ಡದೇ. ಆದ್ರೆ ಕಾರು ಬುರ್ರಂತ ಹೋದ್ರೆ ಯಾವೂರಾತು ಅಂತ ಯಾರನ್ನ ಕೇಳೋದು? ಉತ್ತರ ಕೇಳ್ಬೇಕು ಅಂದ್ರೆ ಸಿಗಂದೂರಿಗೇ ಓಡ್ಬೇಕು." ಈಗ ಅವರು ಸೇತುವೆಯ ತುದಿಯಲ್ಲಿ ಸೆಲ್ಫಿ ತೆಗೆಯಲು ನಿಂತವರನ್ನು ಹಿಡಿಯುತ್ತಾರೆ. "ಕೊಡಿ, ಫೋಟೋ ನಾ ತೆಗೀತೆ" ಎಂದು ಫೋನು ಇಸಿದುಕೊಳ್ಳುವುದು, ನಾಲ್ಕೂ ಪ್ರಶ್ನೆಗೆ ಉತ್ತರ ಬಂದ ಮೇಲೆಯೇ ಫೋನು ವಾಪಸು ಕೊಡುವುದು.

ಈ ನಡುವೆ ಮೇಷ್ಟರಿಗೆ ವರ್ಗಾವಣೆಯ ಅವಕಾಶ ಬಂತು. ಸುದ್ದಿ ಗೊತ್ತಾದ ಬೆಳಿಗ್ಗೆ ಅಣ್ಣ ಶಾಲೆಯ ಜಗುಲಿ ಹತ್ತಿದರು. ತಮ್ಮ ಮೊದಲೇ ಬಂದು ಕೂತಿದ್ದರು. ಇಬ್ಬರೂ ಗೋಡೆ ನೋಡುತ್ತ ಮೇಷ್ಟರ ಜೊತೆ ಮಾತಾಡಿದರು.

"ಮೇಷ್ಟ್ರೆ, ಅರ್ಜಿ ಹಾಕ್ಬೇಡಿ ಅಂತ ಹೇಳೋಕೆ ಬಂದೆ. ಬೇರೆ ಯಾರು ಯಾಕೆ ಬಂದಿದ್ದಾರೋ ನಂಗೊತ್ತಿಲ್ಲ."

"ಮೇಷ್ಟ್ರೆ, ನಾನೂ ಅದಕ್ಕೇ ಬಂದಿದ್ದು. ಮೊದಲು ಬಂದಿದ್ದು ನಾನು ಅಂತ ಅವರಿಗೆ ಹೇಳಿ."

ಮೇಷ್ಟರು ಇಬ್ಬರನ್ನೂ ನೋಡಿ ನಕ್ಕರು. "ನೀವಿಬ್ರೂ ಒಬ್ರಿಗೊಬ್ರು ಮಾತಾಡೂತನಕ ನಾ ಎಲ್ಲಿಗೂ ಹೋಗಂಗಿಲ್ಲ, ಬಿಡ್ರಿ ಮಾವಾರ."

ಮಾತು ಬೆಸೆಯಲೆಂದು ಮೇಷ್ಟರು ಹಾಕಿದ ಪಟ್ಟು ಅದು. ಆದರೆ ಅಣ್ಣ ತಮ್ಮಂದಿರು ಒಂದೇ ರಕ್ತದವರಲ್ಲವೇ, ಇಬ್ಬರಿಗೂ ಒಂದೇ ಹೊತ್ತಿಗೆ ಒಂದೇ ಲೆಕ್ಕ ಹೊಳೆಯಿತು. ಮಾತಾಡಿದರೆ ತಾನೇ ಮೇಷ್ಟರು ಹೋಗುವುದು? ಮೊನ್ನೆ ವಕೀಲರು ರಾಜಿ ಮಾಡಿಕೊಳ್ಳಿ ಎಂದಾಗ, ಅಣ್ಣ ಮುಂದಿನ ಬಾಗಿಲಲ್ಲಿ, ತಮ್ಮ ಹಿಂದಿನ ಬಾಗಿಲಲ್ಲಿ ಬಸ್ಸು ಹತ್ತಿ ಊರಿಗೆ ಬಂದರು. ಮುಂದಿನ ವಾಯಿದೆ ಬೇಸಿಗೆ ರಜೆ ಕಳೆದ ಮೇಲೆ.