ಶೇಂಗಾ ಕೇಳಿದ ಕಚೇರಿ

ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಬೆಳೆಗಳಿಗೆ ಜೀರುಂಡೆಯ ಸದ್ದು ಕೇಳಿಸಿ ನೋಡಿದ್ದಾರೆ. ಆ ಸದ್ದಿಗೆ ಎಲೆಯ ರಂಧ್ರಗಳು ಅಗಲವಾಗಿ ತೆರೆದು, ಸಿಂಪಡಿಸಿದ ಗೊಬ್ಬರವನ್ನು ಗಟಗಟನೆ ಕುಡಿಯುತ್ತವಂತೆ. ಓದಿದ್ದೇ ತಡ, ಕೊಟ್ಟೂರಿನ ಆಚೆ ಮಸಾರಿ ಹೊಲದಲ್ಲಿರುವ ನಮ್ಮ ಎರಡೆಕರೆ ಶೇಂಗಾ ನೆನೆದು ಕರುಳು ಚುರ್ ಎಂದಿತು. ಪಾಪ, ಮೊಳಕೆಯೊಡೆದಾಗಿನಿಂದ ಅದರ ಕಿವಿಗೆ ಬಿದ್ದದ್ದು ಅಣ್ಣನ ಬೈಗುಳ ಮತ್ತು ನಾಯಿಯ ಬೊಗಳಿಕೆ. ನಾಯಿಯೂ ನಿಜವಾದ್ದಲ್ಲ, ಹಂದಿ ಬೆದರಿಸಲು ಬ್ಯಾಟರಿ ಸ್ಪೀಕರಿನಲ್ಲಿ ರಾತ್ರಿಯಿಡೀ ಬೊಗಳುವ ರೆಕಾರ್ಡು ನಾಯಿ. (ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯವರಿಗೆ ಸರ್ಕಾರವೇ ಕರಡಿಧಾಮ ಮಾಡಿಕೊಟ್ಟಿದೆ, ನಮ್ಮದು ಬರೀ ಹಂದಿಯ ಅಂತಸ್ತು.)

ಅದಕ್ಕೂ ಒಂದಿಷ್ಟು ಒಳ್ಳೆಯ ಸದ್ದು ಕೇಳಿಸೋಣವೆಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹೋದೆ. 2024ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿದ ಕೆರೆ. ನೀರಲ್ಲಿ ನಿಂತ ಕರಿಜಾಲಿ ಮರಗಳ ತುಂಬ ಹಕ್ಕಿಗಳ ಸಂತೆ. ಅರ್ಧ ಗಂಟೆಯ ಗಲಾಟೆಯನ್ನು ಮೊಬೈಲಿಗೆ ತುಂಬಿಕೊಂಡು ಬಂದೆ.

ಅಣ್ಣನನ್ನು ಒಪ್ಪಿಸಲು ಇಸ್ರೇಲಿನ ಟೆಲ್ ಅವೀವ್ ವಿಜ್ಞಾನಿಗಳನ್ನು ಕರೆತಂದೆ. ಈವ್ನಿಂಗ್ ಪ್ರಿಮ್ರೋಸ್ ಎಂಬ ಹೂವಿಗೆ ಜೇನ್ನೊಣದ ಗುಂಯ್ ಸದ್ದು ಕೇಳಿಸಿದ್ದೇ 3 ನಿಮಿಷದೊಳಗೆ ಮಕರಂದದ ಸಿಹಿ ಏರಿತೆಂದು ಅವರು 2019ರಲ್ಲಿ ಪ್ರಕಟಿಸಿದ್ದರು.

"ಅದನ್ನ ಹಡಗಲಿ ಮಲ್ಲಿಗಿಗೆ ಹೇಳು," ಅಂದ. "ಶೇಂಗಾದ ಕಾಯಿ ಇರಾದು ನೆಲದಾಗ. ಅದರ ಕಿವೀನೂ ಅಲ್ಲೇ ಐತಿ."

ಕೊನೆಗೆ ಮೈಲಾರದ ಅಸ್ತ್ರ ತೆಗೆದೆ. ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಜಾತ್ರೆಯಲ್ಲಿ ಅವನ ಭಕ್ತರಾದ ಗೊರವರು ನಾಯಿಯಂತೆ ಬೊಗಳುವುದಿಲ್ಲವೆ? ಬಿಲ್ಲೇರಿದ ಗೊರವಯ್ಯ "ಸದ್ದಲೇ" ಎಂದನೆಂದರೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಅವನು ನುಡಿಯುವ ಒಂದೇ ಸಾಲಿನ ಭವಿಷ್ಯವಾಣಿ, ಆ ಕಾರಣಿಕಕ್ಕೆ ಹರಪನಹಳ್ಳಿವರೆಗಿನ ಊರಕಟ್ಟೆಗಳ ಮೇಲೆ ಮಳೆ ಬೆಳೆಯ ಅರ್ಥ ಹೇಳುವವರು ಇಳುವರಿಗಿಂತ ಹೆಚ್ಚು. ಸದ್ದಿಗೂ ಬೆಳೆಗೂ ನಂಟಿಲ್ಲವೆಂದರೆ ಹೇಗೆ?

ಮೈಲಾರಲಿಂಗನ ಹೆಸರು ಬಂದ ಮೇಲೆ ಅಣ್ಣ ಎದುರಾಡಲಿಲ್ಲ. ಮೂರು ಬೆಳಿಗ್ಗೆ ನಾಯಿಯನ್ನು ತೆಗೆದು ಅದೇ ಸ್ಪೀಕರಿನಲ್ಲಿ ಹಕ್ಕಿಗಳ ಕಚೇರಿ ನಡೆಸಿದೆ. ಗಿಡಗಳು ತಲೆದೂಗಿದವು, ಗಾಳಿಯೂ ಇತ್ತು ಅನ್ನಿ. ಮೂರನೆಯ ಸಂಜೆ ಮಾತ್ರ ನಾಯಿಯನ್ನು ಮರಳಿ ಹಾಕುವುದು ಮರೆತುಹೋಯಿತು. ಅಂಕಸಮುದ್ರ ರಾತ್ರಿಯಿಡೀ ಹಾಡಿತು.

ಬೆಳಗಾಗಿ ಹೋದರೆ ಬದುವಿನ ಪಕ್ಕದ ಆರು ಸಾಲನ್ನು ಹಂದಿಗಳು ನೇಗಿಲು ಹೊಡೆದಂತೆ ಎಬ್ಬಿಸಿದ್ದವು. ಅಟ್ಟಣೆ ಮೇಲೆ ಕಾವಲಿದ್ದ ಅಣ್ಣ ಕಂಬಳಿಯೊಳಗೆ ಗೊರಕೆ ಹೊಡೆಯುತ್ತಿದ್ದ. ಕೂಗಲು ಧೈರ್ಯ ಸಾಲದೆ ನಿಂತೆ. ತಾನಾಗಿ ಎದ್ದ, ಹೊಲ ನೋಡಿದ, ನನ್ನನ್ನು ನೋಡಿದ.

"ಎಷ್ಟು ವರ್ಷಾಗಿತ್ತಲೇ ಹಿಂಗ ನಿದ್ದಿ ಮಾಡಿ! ಆ ಹಕ್ಕಿ ಹಾಡು ಇವತ್ತೂ ಹಾಕು," ಅಂದ. "ಹೊಲ್ದಾಗಲ್ಲ, ಮನ್ಯಾಗ."