ಸರೇಸು ಕಾಯಿಸುವ ಪಾತ್ರೆ

ಬೇಲಿ ಸುತ್ತಿ ಬರುವುದು ಬೇಡ ಮೇಷ್ಟ್ರೇ, ಅಲ್ಲಿಂದಲೇ ಹೇಳಿ. ನಿಮ್ಮ ತಂದೆಯವರ ಕಾಲದ ಮೇಜಿನ ವೆನೀರ್ ಅಂಚಿನಲ್ಲಿ ಎದ್ದಿದೆ, ಅದನ್ನು ಹಳೆಯ ಸರೇಸಿನಲ್ಲೇ, ಅಂದರೆ ಚರ್ಮದ ಅಂಟಿನಲ್ಲೇ, ಕೂರಿಸಬೇಕು, ಕಾಯಿಸುವುದಕ್ಕೆ ಏನು ಕೊಳ್ಳಲಿ ಅಂತ ತಾನೇ? ಕೇಳಿ ನಿಜಕ್ಕೂ ಸಂತೋಷವಾಯಿತು. ಕೈಗೆ ಸಿಕ್ಕಿದ ಬಿಳಿ ಅಂಟು ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು.

ಫೆವಿಕಾಲ್ ಕೆಟ್ಟದ್ದು ಅಂತಲ್ಲ. 1959ರಲ್ಲಿ ಅದು ಬಂದ ಮೇಲೆ ಒಲೆ ಹಚ್ಚಿ, ನಾರುವ ಅಂಟು ಕಾಯಿಸುತ್ತ ಕೂರುವ ಕಷ್ಟ ಬಡಗಿಗಳಿಗೆ ತಪ್ಪಿತು. ಹೊಸ ಬಾಗಿಲು, ಹೊಸ ಮಂಚಕ್ಕೆ ಅದೇ ಸರಿ. ಆದರೆ ಒಣಗಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ, ಅದರ ಮೇಲೆ ಬೇರೆ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ. ಚರ್ಮದ ಅಂಟು ಬಿಸಿ, ತೇವ ಎರಡೂ ತಗುಲಿದರೆ ಬಿಟ್ಟುಕೊಡುತ್ತದೆ. ಹಳೆಯ ಅಂಟಿನ ಮೇಲೆ ಹೊಸದನ್ನು ಬಿಸಿಬಿಸಿಯಾಗಿ ಹಚ್ಚಿದರೆ ಎರಡೂ ಕರಗಿ ಒಂದಾಗುತ್ತವೆ. ಸ್ಟ್ರಾಡಿವೇರಿ ಮಾಡಿದ ಪಿಟೀಲುಗಳ ಮುಂಭಾಗದ ಹಲಗೆಯನ್ನು 300 ವರ್ಷಗಳ ಮೇಲೂ ಬಿಚ್ಚಿ, ಒಳಗಿನ ಬಿರುಕು ಸರಿಮಾಡಿ, ಮತ್ತೆ ಕೂರಿಸುವುದಕ್ಕೆ ಆಗುತ್ತಿರುವುದು ಈ ಗುಣದಿಂದಲೇ. ಮುಂದೆ ನಿಮ್ಮ ಮೊಮ್ಮಗ ಆ ಮೇಜನ್ನು ಬಿಚ್ಚಬೇಕಾಗಿ ಬಂದರೆ ಅವನಿಗೂ ದಾರಿ ಇರಬೇಕಲ್ಲವೇ?

ಈಗ ಪಾತ್ರೆಯ ವಿಷಯ. ಅಂಗಡಿಯವರು ಎಷ್ಟು ವ್ಯಾಟ್ ಅಂತ ಹೇಳುತ್ತಾರೆ. ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅಂಟಿಗೆ ಬೇಕಾದದ್ದು 60ರಿಂದ 63 ಡಿಗ್ರಿ ಸೆಲ್ಸಿಯಸ್, ಅಷ್ಟೇ. ತಣಿಯುತ್ತ 35ರ ಹತ್ತಿರ ಬಂದರೆ ಗಟ್ಟಿಯಾಗತೊಡಗುತ್ತದೆ. 70 ದಾಟಿ ಹಾಗೇ ಬಿಟ್ಟರೆ ಒಳಗಿನ ಪ್ರೋಟೀನ್ ಮುರಿಯುತ್ತ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಕುದಿಸಿದ ಅಂಟು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಮೋಸ ತಿಳಿಯುವುದು ಕೀಲು ಬಿಟ್ಟಾಗ. ಹಾಗಾಗಿ ಜೋರಾಗಿ ಕಾಯುವ ಯಂತ್ರಕ್ಕಿಂತ ಕಾದಷ್ಟಕ್ಕೇ ನಿಲ್ಲುವ ಯಂತ್ರ ಮುಖ್ಯ.

ಅಂಟು ಕಾಯಿಸುವ ಪಾಡು ಇಂದಿನದಲ್ಲ. ಈಜಿಪ್ಟಿನ ಥೀಬ್ಸ್‌ನಲ್ಲಿ ರೆಖ್ಮಿರೆ ಎಂಬ ಮಂತ್ರಿಯ ಗೋರಿಯ ಗೋಡೆಯ ಮೇಲೆ ಬಡಗಿಗಳ ಚಿತ್ರವಿದೆ, ಸುಮಾರು 3,400 ವರ್ಷ ಹಳೆಯದು. ಅಲ್ಲೂ ಬೆಂಕಿಯ ಮೇಲೆ ಅಂಟಿನ ಪಾತ್ರೆ ಕೂತಿದೆ. ಬೆಂಕಿಗೇ ಇಟ್ಟರೆ ಕಣ್ಣು ಕೀಳುವ ಹಾಗಿಲ್ಲ. ಆಮೇಲೆ ಬಂದದ್ದು ಎರಡು ಪಾತ್ರೆಯ ಉಪಾಯ: ಹೊರಗಿನದರಲ್ಲಿ ನೀರು, ಒಳಗಿನದರಲ್ಲಿ ಅಂಟು. ಬೀಡು ಕಬ್ಬಿಣದ ಅಂಥ ಜೋಡಿ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ಕೊಳ್ಳಿ, ನೋಡಲು ಬಲು ಚಂದ. ಆದರೆ ಒಳಪಾತ್ರೆ ತುಕ್ಕು ಹಿಡಿದಿದ್ದರೆ ಅಂಟು ಕಾಯಿಸಬೇಡಿ. ಟ್ಯಾನಿನ್ ಇರುವ ಮರಕ್ಕೆ ಕಬ್ಬಿಣದ ಅಂಶ ತಗುಲಿದರೆ ಕಪ್ಪು ಕಲೆ ಏಳುತ್ತದೆ.

ಅಮೆರಿಕದಿಂದ ಬರುವ ಎಲೆಕ್ಟ್ರಿಕ್ ಪಾಟುಗಳು ಇದಕ್ಕೆಂದೇ ಮಾಡಿದವು. ಬೆಲೆ ಜಾಸ್ತಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230, ಅದನ್ನು ನೋಡದೆ ಪ್ಲಗ್ ಹಾಕಬೇಡಿ. ಒಂದು ಮೇಜಿಗೋಸ್ಕರ ಅಷ್ಟು ಖರ್ಚು ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳ ಹಾಲಿನ ಬಾಟಲಿ ಬೆಚ್ಚಗಿಡುವ ಪೆಟ್ಟಿಗೆ? ಬರೀ 40 ಡಿಗ್ರಿಗೆ ನಿಲ್ಲುವಂಥದ್ದಾದರೆ ಸಾಲದು. ರೈಸ್ ಕುಕ್ಕರನ್ನು ‘ವಾರ್ಮ್’ನಲ್ಲಿಟ್ಟರೂ ಬಿಸಿ ಬಹಳ ಸಲ 70 ದಾಟುತ್ತದೆ.

ನನಗೆ ಇಷ್ಟವಾದದ್ದು ಬ್ಯೂಟಿ ಪಾರ್ಲರಿನವರು ಮೇಣ ಕರಗಿಸುವ ವ್ಯಾಕ್ಸ್ ಹೀಟರ್. ಚಿಕ್ಕದು, ಮುಚ್ಚಳ ಇದೆ, ಬಿಸಿ ಏರಿಸಿ ಇಳಿಸುವ ತಿರುಗಣಿ ಇದೆ. ಒಳಗೆ ಎರಡು ಬೆರಳು ನೀರು ಹಾಕಿ, ಜಾಮ್ ಬಾಟಲಿಯಲ್ಲಿ ಅಂಟು ಇಡಿ. ತಿರುಗಣಿಯ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ. ಮೊದಲ ದಿನ ಬಾಟಲಿಯಲ್ಲಿ ಬರೀ ನೀರು ತುಂಬಿ ಒಂದು ಗಂಟೆ ಬಿಡಿ, ಥರ್ಮಾಮೀಟರ್ ಅದ್ದಿ ನೋಡಿ. 60ರ ಆಸುಪಾಸಿನಲ್ಲಿ ನಿಂತ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಹೀಟರಿಗಿಂತ ಥರ್ಮಾಮೀಟರಿಗೆ ನಾಲ್ಕು ಕಾಸು ಹೆಚ್ಚು ಹೋದರೂ ಪರವಾಗಿಲ್ಲ.

ಅಂಟಿನ ಕಾಳು ಕೊಳ್ಳುವಾಗ 192 ಗ್ರಾಂ, 251 ಗ್ರಾಂ ಅಂತ ಇರುತ್ತದೆ. ಅದು ತೂಕವಲ್ಲ, ಬಲದ ಅಳತೆ. ಮೇಜು ಕುರ್ಚಿಗೆ 192 ಸಾಕು, ಹಿಡಿಯುವುದೂ ತುಸು ನಿಧಾನ. ಒಂದು ಪಾಲು ಕಾಳಿಗೆ ಒಂದೂವರೆಯಿಂದ ಎರಡು ಪಾಲು ತಣ್ಣೀರು, ತೂಕದ ಲೆಕ್ಕದಲ್ಲಿ. ಕಾಳು ಉಬ್ಬಿ ಮೆತ್ತಗಾಗುವವರೆಗೆ ನೆನೆಸಿ, ಆಮೇಲೆ ಬಿಸಿಗಿಡಿ. ಬ್ರಷ್ ಎತ್ತಿದರೆ ಬಿಸಿ ತುಪ್ಪದ ಹಾಗೆ ಕಡಿಯದ ಧಾರೆ ಇಳಿಯಬೇಕು. ದಪ್ಪವಾದರೆ ಚಮಚದಷ್ಟು ಬಿಸಿನೀರು ಬೆರೆಸಿ.

ಹಚ್ಚಿದ ಮೇಲೆ ಮಾತಾಡುತ್ತ ನಿಲ್ಲುವ ಹಾಗಿಲ್ಲ. ಒಂದು ನಿಮಿಷದೊಳಗೆ ಗಟ್ಟಿಯಾಗತೊಡಗುತ್ತದೆ. ಮೇಜಿನ ಅಂಚನ್ನೂ ವೆನೀರನ್ನೂ ಮೊದಲೇ ಬೆಚ್ಚಗೆ ಮಾಡಿಕೊಳ್ಳಿ, ಕ್ಲ್ಯಾಂಪು ಕೈಯಳತೆಯಲ್ಲಿರಲಿ, ಫ್ಯಾನ್ ಆರಿಸಿ. ಉಳಿದ ಅಂಟನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ. ಹೊರಗಿಟ್ಟರೆ ನಮ್ಮ ಬೇಸಗೆಗೆ ಬೇಗ ಕೊಳೆಯುತ್ತದೆ. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಅಂಟು ಅಂತ ಬರೆಯಿರಿ, ನೋಡುವುದಕ್ಕೆ ಅದು ಜೋನಿಬೆಲ್ಲವೇ.

ಶನಿವಾರ ಸಂಜೆ ಹೀಟರ್ ತಂದಿಟ್ಟಿರಿ. ನನ್ನ ಥರ್ಮಾಮೀಟರ್ ತರುತ್ತೇನೆ, ಇಬ್ಬರೂ ಸೇರಿ ಗೆರೆ ಎಳೆಯೋಣ.